ಮೆಕ್ಯಾನಿಕಲ್ ವಾಚು ನಿಂತರೆ ಮೊದಲು ಇದನ್ನು ನೋಡಿ

ಬ್ಯಾಟರಿಯಿಲ್ಲದೆ ಸ್ಪ್ರಿಂಗ್‌ನಿಂದ ಓಡುವ ಇಂಥ ವಾಚುಗಳು ನಿಂತಾಗ ಎಷ್ಟೋ ಸಲ ಕೆಟ್ಟೇ ಇರುವುದಿಲ್ಲ, ಕೀ ಮುಗಿದಿರುತ್ತದೆ ಅಷ್ಟೇ. ಪೂರ್ತಿ ಕೀ ಕೊಟ್ಟರೆ ಸಾಮಾನ್ಯ ಮೆಕ್ಯಾನಿಕಲ್ ವಾಚು ಸುಮಾರು 40 ಗಂಟೆ ಓಡುತ್ತದೆ. ಗೊಂದಲ ಹೆಚ್ಚಾಗಿ ಆಟೊಮ್ಯಾಟಿಕ್ ವಾಚು ಕಟ್ಟುವವರಿಗೆ. ಅದರೊಳಗಿನ ಅರ್ಧಚಂದ್ರಾಕಾರದ ತೂಕ ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳಬೇಕಾದರೆ ಕೈ ಆಡುತ್ತಿರಬೇಕು. ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತವರ ವಾಚು ರಾತ್ರಿ ನಿಂತರೆ ಅದರ ತಪ್ಪೇನಿಲ್ಲ. ಸುಮ್ಮನೆ ಅಲುಗಾಡಿಸುವ ಬದಲು ವಾಚನ್ನು ಕೈಯಿಂದ ತೆಗೆದು, ಪಕ್ಕದ ಗುಂಡಿಯನ್ನು 30 ಸುತ್ತಿನಷ್ಟು ತಿರುಗಿಸಿ. ಕೆಲವು ಹಳೆಯ ಆಟೊಮ್ಯಾಟಿಕ್‌ಗಳಿಗೆ ಮಾತ್ರ ಹೀಗೆ ಕೀ ಕೊಡಲಾಗದು. ಆಟೊಮ್ಯಾಟಿಕ್ ಅಲ್ಲದ, ಕೀ ಕೊಟ್ಟೇ ಓಡಿಸುವ ವಾಚಾದರೆ ಗುಂಡಿ ಬಿಗಿಯಾದ ಕೂಡಲೇ ನಿಲ್ಲಿಸಿ.

ಗುಂಡಿ ಪೂರ್ತಿ ಒಳಗಿದೆಯೇ ಎಂದೂ ನೋಡಿ. ಅದು ಹೊರಗಿದ್ದರೆ ಹಲವು ವಾಚುಗಳು ನಡೆಯುವುದೇ ಇಲ್ಲ.

ಪ್ರತಿಸಲ ಒಂದೇ ಹೊತ್ತಿಗೆ ನಿಲ್ಲುತ್ತಿದ್ದರೆ ಮುಳ್ಳುಗಳು ಒಂದಕ್ಕೊಂದು ತಾಗುತ್ತಿರಬಹುದು. ಮಧ್ಯರಾತ್ರಿಯ ಆಸುಪಾಸಿನಲ್ಲಾದರೆ ತಾರೀಖು ಬದಲಿಸುವ ಚಕ್ರದ ಮೇಲೆ ಅನುಮಾನ. ಕೀ ತುಂಬಿದ್ದರೂ ನಿಲ್ಲುವುದಕ್ಕೆ ಸಾಮಾನ್ಯ ಕಾರಣ ಒಣಗಿದ ಎಣ್ಣೆ ಮತ್ತು ದೂಳು. ದಯವಿಟ್ಟು ಮನೆಯಲ್ಲಿ ಮುಚ್ಚಳ ತೆಗೆದು ಹೊಲಿಗೆ ಯಂತ್ರದ ಎಣ್ಣೆ ಬಿಡಬೇಡಿ. ಗಾಜಿನೊಳಗೆ ಆವಿ ಕಂಡರೆ ತಡಮಾಡದೆ ರಿಪೇರಿಯವರಿಗೆ ಕೊಡಿ, ತುಕ್ಕು ಬೇಗ ಹಿಡಿಯುತ್ತದೆ.