ಆಕಾಶದಲ್ಲಿ ಎಮರ್ಜೆನ್ಸಿ ಆದ್ರೆ ಯಾವ ಏರ್‌ಪೋರ್ಟಲ್ಲಿ ಇಳಿಸ್ಬೇಕು?

ಮೊದ್ಲು ವಿಮಾನ ಕಂಟ್ರೋಲಲ್ಲಿ ಇಟ್ಕೋಬೇಕು, ಏರ್‌ಪೋರ್ಟ್ ಹುಡುಕೋದೆಲ್ಲ ಆಮೇಲೆ. ಒಳಗೆ ಬೆಂಕಿ, ಹೊಗೆ ಅಂದ್ರೆ ಜಾಸ್ತಿ ಯೋಚ್ನೆ ಇಲ್ಲ, ಹತ್ರದಲ್ಲಿ ಇಳಿಯೋಕಾಗೋ ರನ್‌ವೇ ಸಿಕ್ರೆ ಸಾಕು. ಪ್ಯಾಸೆಂಜರ್‌ಗೆ ಹಾರ್ಟ್ ಅಟ್ಯಾಕ್ ಆದ್ರೆ ಲೆಕ್ಕ ಬೇರೆ, ರನ್‌ವೇ ಇದ್ದು ಆ ಊರಲ್ಲಿ ಒಳ್ಳೆ ಆಸ್ಪತ್ರೆನೇ ಇಲ್ದಿದ್ರೆ ಇಳಿದು ಏನ್ ಪ್ರಯೋಜನ, ಅದಕ್ಕೇ ಕೆಳಗಿರೋ ಡಾಕ್ಟರ್‌ನ ರೇಡಿಯೋದಲ್ಲೋ ಸ್ಯಾಟಲೈಟ್ ಫೋನಲ್ಲೋ ಕೇಳ್ತಾರೆ. ಇನ್ನೊಂದು, ಕಾಲ ಕೆಳಗೇ ಇರೋ ಏರ್‌ಪೋರ್ಟ್ ಬೇಗ ಸಿಗುತ್ತೆ ಅನ್ಕೋಬೇಡಿ (ತುಂಬ ಜನ ಹಂಗೇ ಅನ್ಕೊಂಡಿರ್ತಾರೆ), 35,000 ಅಡಿಯಿಂದ ಮಾಮೂಲಾಗಿ ಇಳಿಯೋಕೆ 20 ನಿಮಿಷನಾದ್ರೂ ಬೇಕು, ಅಷ್ಟರಲ್ಲಿ 100 ಮೈಲಿ ಮುಂದಿರೋದಕ್ಕೂ ನೇರ ಇಳ್ಕೊಂಡೇ ಹೋಗ್ಬಹುದು. ಹವಾಮಾನ, ರನ್‌ವೇ ಉದ್ದ, ಫೈರ್ ಇಂಜಿನ್ ಇದ್ಯಾ ಅಂತನೂ ನೋಡ್ಬೇಕು. ಏರ್‌ಲೈನ್ ಕಂಪ್ನಿ ಡಿಸ್ಪ್ಯಾಚರ್ (ಕೆಳಗೆ ಆಫೀಸಲ್ಲಿ ಕೂತು ವಿಮಾನದ ಹಾರಾಟ ಪ್ಲಾನ್ ಮಾಡೋರು) ಸಲಹೆ ಕೊಡ್ಬಹುದು, ತೀರ್ಮಾನ ಮಾತ್ರ ಕ್ಯಾಪ್ಟನ್‌ದು.