ಬೆನ್ನುಹುರಿ ಪುನಶ್ಚೇತನದ ಅಧ್ಯಯನವನ್ನು ಓದುವ ಬಗೆ

ಬೆನ್ನುಹುರಿಗೆ ಪೆಟ್ಟು ಬಿದ್ದವರ ಮನೆಯಲ್ಲಿ, ಶಸ್ತ್ರಚಿಕಿತ್ಸೆಯ ಗಡಿಬಿಡಿ ಮುಗಿದ ಮೇಲೆ, ಯಾರಾದರೊಬ್ಬರು ವೈದ್ಯಕೀಯ ಅಧ್ಯಯನಗಳನ್ನು ಹುಡುಕಿ ಓದತೊಡಗುತ್ತಾರೆ. ಮುಂದೆ ಏನು ಸಾಧ್ಯ, ಯಾವ ತರಬೇತಿಗೆ ಹಣ ಮತ್ತು ಶ್ರಮ ಹಾಕಬೇಕು, ಯಾವುದನ್ನು ಕೈಬಿಡಬಹುದು ಎಂಬ ತೀರ್ಮಾನಗಳು ಎಷ್ಟೋ ಸಲ ಆ ಓದಿನ ಮೇಲೆಯೇ ನಿಲ್ಲುತ್ತವೆ. ಅಂಥವರಿಗೂ, ಫಿಸಿಯೋಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿ ಕಲಿಯುತ್ತಿರುವ ವಿದ್ಯಾರ್ಥಿಗಳಿಗೂ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಮುಖ್ಯ ಸಲಹೆ ಒಂದೇ: ಫಲಿತಾಂಶದ ಅಂಕಿಯನ್ನು ನೋಡುವ ಮೊದಲು, ಆ ಲೆಕ್ಕದೊಳಗೆ ಯಾರು ಬಂದಿದ್ದಾರೆ, ಯಾರು ಹೊರಗೆ ಉಳಿದಿದ್ದಾರೆ ಎಂಬುದನ್ನು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ 1.5 ಕೋಟಿಗೂ ಹೆಚ್ಚು ಜನ ಬೆನ್ನುಹುರಿಯ ಹಾನಿಯೊಂದಿಗೆ ಬದುಕುತ್ತಿದ್ದಾರೆ. ಅವರಲ್ಲಿ ಪುನಶ್ಚೇತನ ಕೇಂದ್ರದ ಬಾಗಿಲು ದಾಟಲು ಸಾಧ್ಯವಾದವರೇ ಅಧ್ಯಯನಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತಾರೆ.

ಮೊದಲ ಕೋಷ್ಟಕದಿಂದ ಶುರುಮಾಡಿ

ಸಾರಾಂಶವನ್ನು ಓದಿ ಮುಗಿಸಿದ ಕೂಡಲೇ ತೀರ್ಮಾನದ ಭಾಗಕ್ಕೆ ಹಾರಬೇಡಿ. ಭಾಗವಹಿಸಿದವರ ವಿವರವಿರುವ ಮೊದಲ ಕೋಷ್ಟಕವನ್ನು ತೆರೆದು, ಗಾಯದ ಮಟ್ಟ, ಅದರ ತೀವ್ರತೆ ಮತ್ತು ಗಾಯವಾಗಿ ಎಷ್ಟು ಕಾಲವಾಗಿತ್ತು ಎಂಬ ಮೂರು ಸಂಗತಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಪಕ್ಕದಲ್ಲಿ ನಿಮ್ಮವರ ಅದೇ ಮೂರು ವಿವರಗಳನ್ನು ಬರೆಯಿರಿ. ಇವೆರಡೂ ಹೊಂದದಿದ್ದರೆ, ಅಧ್ಯಯನ ಎಷ್ಟೇ ಒಳ್ಳೆಯದಾಗಿದ್ದರೂ ಅದರ ಉತ್ತರ ನಿಮ್ಮ ಪ್ರಶ್ನೆಗೆ ನೇರವಾಗಿ ಸಲ್ಲುವುದಿಲ್ಲ.

ಮಟ್ಟದಲ್ಲಿ ಒಂದು ಹೆಜ್ಜೆಯ ಅಂತರವೂ ಬದುಕಿನಲ್ಲಿ ದೊಡ್ಡದು. ಕುತ್ತಿಗೆಯ ಸಿ6 (ಕುತ್ತಿಗೆಯ ಆರನೇ ನರದ) ಮಟ್ಟದವರೆಗೆ ಶಕ್ತಿ ಉಳಿದವರು ಮಣಿಕಟ್ಟನ್ನು ಮೇಲಕ್ಕೆತ್ತಬಲ್ಲರು. ಹಾಗೆ ಎತ್ತಿದಾಗ ಬೆರಳುಗಳು ತಾವಾಗಿ ಒಳಕ್ಕೆ ಮಡಚಿಕೊಂಡು ಹಗುರವಾದ ವಸ್ತುವನ್ನು ಹಿಡಿಯುವಷ್ಟು ಬಿಗಿ ಸಿಗುತ್ತದೆ. ಸಿ7 ಮಟ್ಟದವರಿಗೆ ಇದರ ಜೊತೆಗೆ ಮೊಣಕೈಯನ್ನು ನೇರಮಾಡುವ ಸ್ನಾಯುವಿನ ಬಲವೂ ಇರುವುದರಿಂದ, ಅಂಗೈ ಊರಿ ದೇಹವನ್ನೆತ್ತಿ ಹಾಸಿಗೆಯಿಂದ ಗಾಲಿಕುರ್ಚಿಗೆ ಸರಿಯುವುದು ಅವರಿಗೆ ಬಹಳ ಸುಲಭ. ಇಬ್ಬರನ್ನೂ ‘ಕುತ್ತಿಗೆಯ ಗಾಯ’ ಎಂಬ ಒಂದೇ ಸಾಲಿಗೆ ಸೇರಿಸಿ ಸರಾಸರಿ ತೆಗೆದಿರುವ ಅಧ್ಯಯನವನ್ನು ಎಚ್ಚರಿಕೆಯಿಂದ ಓದಬೇಕು.

ತೀವ್ರತೆಯನ್ನು ಎ ಯಿಂದ ಇ ವರೆಗಿನ ಐದು ದರ್ಜೆಗಳಲ್ಲಿ ಹೇಳುತ್ತಾರೆ: ಎ ಎಂದರೆ ಪೂರ್ಣ ಗಾಯ, ಬಿ ಯಿಂದ ಡಿ ವರೆಗೆ ಅಪೂರ್ಣ, ಇ ಎಂದರೆ ಪರೀಕ್ಷೆಯಲ್ಲಿ ಎಲ್ಲವೂ ಸಹಜ. ಇದಕ್ಕಾಗಿ ವೈದ್ಯರು ದೇಹದ ಪ್ರತಿ ಬದಿಯಲ್ಲೂ 28 ನಿಗದಿತ ಜಾಗಗಳನ್ನು ಹತ್ತಿಯಿಂದಲೂ ಪಿನ್ನಿನಿಂದಲೂ ಮುಟ್ಟಿ ನೋಡುತ್ತಾರೆ. ಪ್ರತಿ ಬದಿಯ 10 ಮುಖ್ಯ ಸ್ನಾಯು ಗುಂಪುಗಳಿಗೆ 0 ಯಿಂದ 5 ರವರೆಗೆ ಅಂಕ ಕೊಡುತ್ತಾರೆ. ಆದರೆ ಗಾಯ ‘ಪೂರ್ಣ’ವೋ ‘ಅಪೂರ್ಣ’ವೋ ಎಂಬುದು ನಿಶ್ಚಯವಾಗುವುದು ಬೆನ್ನುಹುರಿಯ ಕಟ್ಟಕಡೆಯ ನರಗಳ ಪರೀಕ್ಷೆಯಿಂದ: ಗುದದ್ವಾರದ ಸುತ್ತ ಸ್ಪರ್ಶ ತಿಳಿಯುತ್ತದೆಯೇ, ಬೆರಳಿನಿಂದ ಒಳಗೆ ಒತ್ತಿದಾಗ ಅರಿವಾಗುತ್ತದೆಯೇ, ರೋಗಿ ತಾನಾಗಿ ಆ ಸ್ನಾಯುವನ್ನು ಬಿಗಿಹಿಡಿಯಬಲ್ಲನೇ ಎಂಬುದನ್ನು ನೋಡುತ್ತಾರೆ. ಈ ಮುಜುಗರದ ಪರೀಕ್ಷೆಯನ್ನು ಬಿಟ್ಟು ದರ್ಜೆ ಬರೆದಿದ್ದರೆ ಆ ದರ್ಜೆಯನ್ನು ನಂಬುವಂತಿಲ್ಲ. ಯಾವಾಗ ಪರೀಕ್ಷಿಸಿದರು ಎಂಬುದೂ ಮುಖ್ಯ. ಅಪಘಾತದ ಮೊದಲ ಗಂಟೆಗಳಲ್ಲಿ, ನಿದ್ರಾಜನಕಗಳ ಪ್ರಭಾವ ಮತ್ತು ಇತರ ಗಾಯಗಳ ನೋವಿನ ನಡುವೆ ಮಾಡಿದ ಪರೀಕ್ಷೆ ತಪ್ಪು ಚಿತ್ರ ಕೊಡಬಹುದು.

ತಾನಾಗಿ ಬರುವ ಚೇತರಿಕೆಯನ್ನು ಬೇರ್ಪಡಿಸಿ

ಗಾಯವಾದ ಮೊದಲ ತಿಂಗಳುಗಳಲ್ಲಿ ಯಾವ ವಿಶೇಷ ಚಿಕಿತ್ಸೆ ಇಲ್ಲದೆಯೂ ಒಂದಿಷ್ಟು ಚೇತರಿಕೆ ಬರುತ್ತದೆ. ಅದು ಮೊದಲ ಮೂರು ತಿಂಗಳಲ್ಲಿ ವೇಗವಾಗಿ ನಡೆದು, ಆಮೇಲೆ ನಿಧಾನವಾಗುತ್ತ, ಹೆಚ್ಚಿನವರಲ್ಲಿ ಒಂದು ಅಥವಾ ಒಂದೂವರೆ ವರ್ಷದ ಹೊತ್ತಿಗೆ ಬಹುತೇಕ ನಿಲ್ಲುತ್ತದೆ. ಮೊದಲ ಪರೀಕ್ಷೆಯಲ್ಲಿ ಎ ದರ್ಜೆ ಪಡೆದವರಲ್ಲಿ ಸುಮಾರು 80 ಶೇಕಡಾ ಜನ ಅದೇ ದರ್ಜೆಯಲ್ಲಿ ಉಳಿಯುತ್ತಾರೆ, ಉಳಿದವರು ಮೇಲಿನ ದರ್ಜೆಗೆ ಏರುತ್ತಾರೆ. ಅಪೂರ್ಣ ಗಾಯದವರಲ್ಲಿ ಹೀಗೆ ಏರುವವರು ಇನ್ನೂ ಹೆಚ್ಚು. ಆದ್ದರಿಂದ ಗಾಯವಾದ ಎರಡು ತಿಂಗಳಿಗೆ ಯಾವುದಾದರೂ ಚಿಕಿತ್ಸೆ ಶುರುಮಾಡಿ, ಆರನೇ ತಿಂಗಳಿಗೆ ಸುಧಾರಣೆ ಕಂಡಿತೆಂದು ಹೇಳುವ ವರದಿಯಲ್ಲಿ ಹೋಲಿಕೆಗೆಂದು ಇನ್ನೊಂದು ಗುಂಪು ಇಲ್ಲದಿದ್ದರೆ, ಆ ಸುಧಾರಣೆ ಚಿಕಿತ್ಸೆಯದೋ ಕಾಲದ್ದೋ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ.

ಇದಕ್ಕೆ 2006ರಲ್ಲಿ ಪ್ರಕಟವಾದ ಒಂದು ಪ್ರಯೋಗ ಒಳ್ಳೆಯ ಪಾಠ. ಗಾಯವಾಗಿ ಎಂಟು ವಾರದೊಳಗಿದ್ದ 146 ಜನರನ್ನು ಚೀಟಿ ಎತ್ತಿದ ಹಾಗೆ, ಅಂದರೆ ಯಾದೃಚ್ಛಿಕವಾಗಿ, ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ದೇಹದ ತೂಕವನ್ನು ಪಟ್ಟಿಗಳಿಂದ ಎತ್ತಿಹಿಡಿದು ಟ್ರೆಡ್‌ಮಿಲ್ ಮೇಲೆ ನಡಿಗೆ ಕಲಿಸಿದರು. ಇನ್ನೊಂದು ಗುಂಪಿಗೆ ಅಷ್ಟೇ ತೀವ್ರತೆಯ ತರಬೇತಿಯನ್ನು ನೆಲದ ಮೇಲೆಯೇ ಕೊಟ್ಟರು. ಅಪೂರ್ಣ ಗಾಯದವರಲ್ಲಿ ಅನೇಕರು ನಡೆದರು, ಆದರೆ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಎರಡನೆಯ ಗುಂಪು ಇಲ್ಲದಿದ್ದರೆ ಆ ಪ್ರಗತಿಯಷ್ಟೂ ಯಂತ್ರದ ಖಾತೆಗೆ ಜಮೆಯಾಗುತ್ತಿತ್ತು. ದುಬಾರಿ ಯಂತ್ರವಿರುವ ಕೇಂದ್ರವನ್ನು ತಲುಪಲಾಗದವರಿಗೆ ಈ ಫಲಿತಾಂಶ ಧೈರ್ಯ ಕೊಡುವಂಥದ್ದು ಎಂದು ನಾನು ಓದುತ್ತೇನೆ: ನುರಿತ ಫಿಸಿಯೋಥೆರಪಿಸ್ಟ್ ಮತ್ತು ಸಾಕಷ್ಟು ಅಭ್ಯಾಸದ ಸಮಯ ಸಿಕ್ಕರೆ ಯಂತ್ರದ ಕೊರತೆಗಾಗಿ ಕೊರಗಬೇಕಾಗಿಲ್ಲ.

ಗಾಯವಾಗಿ ವರ್ಷಗಳೇ ಕಳೆದವರ ಅಧ್ಯಯನದಲ್ಲಿ ಈ ತೊಡಕು ಕಡಿಮೆ. 2024ರಲ್ಲಿ ಪ್ರಕಟವಾದ, ಕುತ್ತಿಗೆಯ ಚರ್ಮದ ಮೇಲಿನಿಂದ ವಿದ್ಯುತ್ ಉತ್ತೇಜನ ಕೊಟ್ಟು ಕೈಗಳಿಗೆ ತರಬೇತಿ ನೀಡಿದ ಪ್ರಯೋಗದಲ್ಲಿ ಪ್ರತ್ಯೇಕ ಹೋಲಿಕೆ ಗುಂಪು ಇರಲಿಲ್ಲ. ಆದರೂ ಭಾಗವಹಿಸಿದ 60 ಜನರದ್ದು ಹಳೆಯ ಗಾಯ, ಮತ್ತು ಉತ್ತೇಜನಕ್ಕೆ ಮೊದಲು ಅವರಿಗೆ ಬರಿಯ ತರಬೇತಿಯ ಅವಧಿಯೊಂದು ಇತ್ತು. 72 ಶೇಕಡಾ ಜನರಲ್ಲಿ ಕೈಯ ಬಲ ಮತ್ತು ಬಳಕೆ ಎರಡೂ ಸುಧಾರಿಸಿದವೆಂಬ ಅದರ ಫಲಿತಾಂಶವನ್ನು ಗಂಭೀರವಾಗಿ ಎಣಿಸಲು ಇದೇ ಕಾರಣ. ಆದರೂ ಅದನ್ನು ಯಾದೃಚ್ಛಿಕ ಹೋಲಿಕೆಯಿರುವ ಪ್ರಯೋಗದ ಸಾಲಿನಲ್ಲಿ ಕೂರಿಸುವಂತಿಲ್ಲ.

ಅಂಕವನ್ನು ದಿನಚರಿಗೆ ಇಳಿಸಿ ನೋಡಿ

ಪುನಶ್ಚೇತನದ ಅಧ್ಯಯನಗಳಲ್ಲಿ ‘ಸ್ಕಿಮ್’ (SCIM) ಎಂಬ ಅಳತೆ ಪದೇ ಪದೇ ಬರುತ್ತದೆ. ಬೆನ್ನುಹುರಿ ಗಾಯದವರ ಸ್ವಾವಲಂಬನೆಗೆಂದೇ ರೂಪಿಸಿದ ಇದರ ಒಟ್ಟು 100 ಅಂಕಗಳಲ್ಲಿ ಸ್ವಂತ ಆರೈಕೆಗೆ 20, ಉಸಿರಾಟ ಮತ್ತು ಮಲಮೂತ್ರ ನಿರ್ವಹಣೆಗೆ 40, ಚಲನೆಗೆ 40 ಮೀಸಲು. ಗುಂಪಿನ ಸರಾಸರಿ ಇಷ್ಟು ಏರಿತು ಎಂದಷ್ಟೇ ಬರೆದಿದ್ದರೆ ನಿಲ್ಲಿ. ಆ ಏರಿಕೆ ಯಾವ ಭಾಗದಲ್ಲಿ ಆಯಿತೆಂದು ಹುಡುಕಿ. ತಾನೇ ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಿಕೊಳ್ಳಲು ಕಲಿತದ್ದೂ, ಮನೆಯೊಳಗೆ ನಾಲ್ಕು ಹೆಜ್ಜೆ ಇಟ್ಟದ್ದೂ ಅಂಕಗಳಾಗಿಯೇ ಕಾಣುತ್ತವೆ, ಆದರೆ ದಿನವನ್ನು ಅವು ಬದಲಿಸುವ ರೀತಿ ಬೇರೆ. ಈ ವಿಷಯದಲ್ಲಿ ಗಾಯಗೊಂಡವರ ಮಾತನ್ನೇ ಕೇಳುವುದು ಲೇಸು. 2004ರಲ್ಲಿ ಪ್ರಕಟವಾದ, 681 ಜನ ಉತ್ತರಿಸಿದ ಸಮೀಕ್ಷೆಯಲ್ಲಿ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವರು ಎಲ್ಲಕ್ಕಿಂತ ಮೊದಲು ಬಯಸಿದ್ದು ಕೈ ಮತ್ತು ತೋಳಿನ ಬಲವನ್ನು. ಕಾಲುಗಳಷ್ಟೇ ಸ್ವಾಧೀನ ತಪ್ಪಿದವರಲ್ಲಿ ಲೈಂಗಿಕ ಜೀವನ ಮೊದಲ ಸ್ಥಾನದಲ್ಲಿತ್ತು. ಮಲಮೂತ್ರದ ಹತೋಟಿ ಎರಡೂ ಗುಂಪಿಗೂ ಮುಖ್ಯವಾಗಿತ್ತು. ಮನೆಯವರ ಕಣ್ಣು ಮಾತ್ರ ಬಹುಪಾಲು ನಡಿಗೆಯ ಮೇಲೆಯೇ ಇರುತ್ತದೆ.

ಎಣಿಕೆಗೆ ಸಿಗದವರನ್ನು ಹುಡುಕಿ

ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಭಾಗ ಇದು. ಅಧ್ಯಯನದಲ್ಲಿ ಚೌಕಗಳೂ ಬಾಣಗಳೂ ಇರುವ ಒಂದು ನಕ್ಷೆ ಇರುತ್ತದೆ: ಎಷ್ಟು ಜನ ಸೇರಿದರು, ಎಷ್ಟು ಜನ ಕೊನೆಯವರೆಗೆ ಉಳಿದರು ಎಂಬುದನ್ನು ಅದು ಹೇಳುತ್ತದೆ. 100 ಜನ ಕೇಂದ್ರದಿಂದ ಮನೆಗೆ ಹೋದರು, ವರ್ಷದ ನಂತರ 58 ಜನ ಮರುಪರೀಕ್ಷೆಗೆ ಬಂದರು ಎಂದಿಟ್ಟುಕೊಳ್ಳಿ. ಬಂದ 58 ಜನರಲ್ಲಿ ಒತ್ತಡದ ಹುಣ್ಣು (ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇದ್ದು ಚರ್ಮ ಒತ್ತಿ ಆಗುವ ಹುಣ್ಣು) ಕಡಿಮೆ ಇತ್ತೆಂಬ ವಾಕ್ಯ ನಿಜವೇ ಇರಬಹುದು. ಬಾರದ 42 ಜನರಲ್ಲಿ ಯಾರು ಹುಣ್ಣಿನಿಂದಲೇ ಹಾಸಿಗೆ ಹಿಡಿದರು, ಯಾರಿಗೆ ಬಸ್ಸು ಹತ್ತಲಾಗಲಿಲ್ಲ, ಯಾರು ತೀರಿಕೊಂಡರು ಎಂಬುದು ಆ ವಾಕ್ಯದಲ್ಲಿ ಇಲ್ಲ. ಸಂಶೋಧಕರು ಫೋನ್ ಮಾಡಿದರೇ, ಮನೆಗೆ ಹೋದರೇ, ಸಾವಿನ ವಿವರ ಸಂಗ್ರಹಿಸಿದರೇ ಎಂದು ನೋಡಿ. ‘ಬಂದವರಿಗೂ ಬಾರದವರಿಗೂ ವ್ಯತ್ಯಾಸವಿರಲಿಲ್ಲ’ ಎಂದು ಬರೆದಿದ್ದರೆ, ಯಾವುದರಲ್ಲಿ ವ್ಯತ್ಯಾಸವಿರಲಿಲ್ಲ ಎಂದು ಕೇಳಿ. ವಯಸ್ಸು, ಲಿಂಗ, ಗಾಯದ ಮಟ್ಟವನ್ನು ಹೋಲಿಸಿ, ಮನೆಯ ದೂರವನ್ನಾಗಲಿ ಆದಾಯವನ್ನಾಗಲಿ ಹೋಲಿಸದೆ ಬಿಟ್ಟಿರುವುದು ಸಾಮಾನ್ಯ.

ಆರೈಕೆಯ ಲಭ್ಯತೆಯನ್ನೇ ವಿಷಯವಾಗಿಸಿಕೊಂಡ ಅಧ್ಯಯನಗಳಿಗೂ ಇದೇ ಪ್ರಶ್ನೆ ಹಾಕಬೇಕು. 22 ದೇಶಗಳ 12,500ಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಂತರರಾಷ್ಟ್ರೀಯ ಬೆನ್ನುಹುರಿ ಗಾಯ ಸಮುದಾಯ ಸಮೀಕ್ಷೆ ಈ ಕ್ಷೇತ್ರದ ದೊಡ್ಡ ಆಸ್ತಿ; ಆದರೂ ಹಲವು ದೇಶಗಳಲ್ಲಿ ಅದು ಕೈಗೆಟುಕಿದ ಪಟ್ಟಿಗಳಿಂದಲೇ ಜನರನ್ನು ಆರಿಸಿಕೊಂಡಿತ್ತು. ಬಾಂಗ್ಲಾದೇಶದಲ್ಲಿ 410 ಜನರೊಂದಿಗೆ ನಡೆದ ಪ್ರಯೋಗ ಇನ್ನೊಂದು ಬಗೆಯ ಎಚ್ಚರವನ್ನು ಬೇಡುತ್ತದೆ. ಮನೆಗೆ ಹೋದ ಮೇಲೆ ಎರಡು ವರ್ಷ ಫೋನ್ ಕರೆ ಮತ್ತು ಮನೆಭೇಟಿಯ ನೆರವು ಪಡೆದವರಿಗೂ ಪಡೆಯದವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ‘ಮನೆಭೇಟಿ ವ್ಯರ್ಥ’ ಎಂದು ಓದುವುದು ಆತುರವಾದೀತು, ಏಕೆಂದರೆ ಎರಡೂ ಗುಂಪಿನವರು ಒಂದೇ ಪುನಶ್ಚೇತನ ಕೇಂದ್ರದಲ್ಲಿ ತರಬೇತಿ ಪಡೆದು ಮನೆಗೆ ಹೋದವರು. ಅಂಥ ಕೇಂದ್ರವನ್ನೇ ಕಾಣದವರ ಬಗ್ಗೆ ಆ ಪ್ರಯೋಗ ಏನನ್ನೂ ಹೇಳುವುದಿಲ್ಲ.

ಲಭ್ಯತೆ ಎಂದರೆ ದೂರ ಮತ್ತು ಹಣದ ಮಾತಷ್ಟೇ ಎಂದುಕೊಳ್ಳಬಾರದು. ಎದೆಯ ಆರನೇ ಮಟ್ಟ ಮತ್ತು ಅದಕ್ಕಿಂತ ಮೇಲೆ ಗಾಯವಾದವರಲ್ಲಿ ಮೂತ್ರಕೋಶ ತುಂಬಿದಂಥ ಕಾರಣಕ್ಕೂ ರಕ್ತದೊತ್ತಡ ಅಪಾಯಕರವಾಗಿ ಏರಬಹುದು. ಕುತ್ತಿಗೆಯ ಗಾಯದವರಲ್ಲಿ ರಕ್ತದೊತ್ತಡದ ಮೇಲಿನ ಅಂಕಿ ಸಾಮಾನ್ಯವಾಗಿ 90 ರಿಂದ 110 ರ ಆಸುಪಾಸಿನಲ್ಲಿ ಇರುವುದರಿಂದ, ತಲೆ ಸಿಡಿಯುತ್ತಿದೆ ಎಂದು ಬಂದವರಿಗೆ 135 ಇದ್ದರೆ, ವಿಷಯ ತಿಳಿಯದ ವೈದ್ಯರು ‘ಸರಿಯಾಗಿದೆ’ ಎಂದು ಕಳಿಸಿಬಿಡಬಹುದು. ಆ ರೋಗಿ ಆಸ್ಪತ್ರೆಯನ್ನು ತಲುಪಿದ್ದರೂ ಆರೈಕೆ ಅವರನ್ನು ತಲುಪಲಿಲ್ಲ. ಇಂಥ ತುರ್ತಿನಲ್ಲಿ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕ್ಯಾತಿಟರ್ ಮಡಚಿಕೊಂಡಿದೆಯೇ ಎಂದು ನೋಡಿ, ಕೂಡಲೇ ವೈದ್ಯಕೀಯ ನೆರವು ಪಡೆಯಬೇಕು. ಲಭ್ಯತೆಯ ಅಧ್ಯಯನವೊಂದು ‘ಆಸ್ಪತ್ರೆಗೆ ಹೋಗಿದ್ದಿರಾ’ ಎಂದಷ್ಟೇ ಕೇಳಿ ಬಿಟ್ಟಿದೆಯೇ, ಹೋದಮೇಲೆ ಏನು ಸಿಕ್ಕಿತು, ಪರೀಕ್ಷಾ ಮಂಚಕ್ಕೆ ಹತ್ತಲಾಯಿತೇ, ಶೌಚಾಲಯದೊಳಗೆ ಗಾಲಿಕುರ್ಚಿ ಹೋಯಿತೇ ಎಂದೂ ಕೇಳಿದೆಯೇ ಎಂಬುದನ್ನು ಗಮನಿಸಿ.

ಆರೈಕೆಯನ್ನು ಮನೆಗೆ ಹತ್ತಿರ ತಂದ ಸಂಶೋಧನೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಜ್ಯಾಕ್ ಲ್ಯಾಪಿಡಿಸ್ ಮತ್ತು ಸಂಗಡಿಗರು 1972ರಲ್ಲಿ, ನಿಗದಿತ ಹೊತ್ತಿಗೆ ಮೂತ್ರಕೋಶವನ್ನು ಪೂರ್ತಿ ಖಾಲಿ ಮಾಡುವುದಾದರೆ ತೊಳೆದ ಕೈ ಮತ್ತು ಸ್ವಚ್ಛವಾದ ಕ್ಯಾತಿಟರ್ ಸಾಕು, ಆಸ್ಪತ್ರೆಯ ಕಟ್ಟುನಿಟ್ಟಿನ ಕ್ರಿಮಿರಹಿತ ವಿಧಾನವೇ ಬೇಕಿಲ್ಲ ಎಂದು ತೋರಿಸಿದರು. ನರ್ಸ್ ಮಾಡಬೇಕಾಗಿದ್ದ ಕೆಲಸ ಗಾಯಗೊಂಡವರ ಕೈಗೇ ಬಂತು. ಹೊಸ ಅಧ್ಯಯನವನ್ನು ಓದುವಾಗಲೂ, ಇದರಲ್ಲಿ ಹೇಳಿದ್ದನ್ನು ಮನೆಯಲ್ಲಿ ಮಾಡಲು ಏನೇನು ಬೇಕು, ವಾರಕ್ಕೆ ಎಷ್ಟು ಗಂಟೆ, ಯಾರ ಸಹಾಯ, ಯಾವ ಉಪಕರಣ ಎಂದು ಪಟ್ಟಿಮಾಡಿ.

ಓದಿದ್ದನ್ನು ಬಳಸುವಾಗ

ಹಣ ಕಟ್ಟಿ ಸೇರಬೇಕಾದ ‘ಪ್ರಯೋಗ’ಗಳಿಂದ, ಮುಖ್ಯವಾಗಿ ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯ ಹೆಸರಿನಲ್ಲಿ ಬರುವವುಗಳಿಂದ, ದೂರವಿರಿ. ನಿಜವಾದ ಪ್ರಯೋಗ ಸಾರ್ವಜನಿಕ ನೋಂದಣಿಯಲ್ಲಿ ಇರುತ್ತದೆ, ಏನನ್ನು ಅಳೆಯುತ್ತೇವೆಂದು ಮೊದಲೇ ಘೋಷಿಸಿರುತ್ತದೆ. ನೋಂದಣಿ ಮಾತ್ರ ಗುಣಮಟ್ಟದ ಖಾತರಿಯಲ್ಲ, ಆದರೆ ನೋಂದಣಿಯೇ ಇಲ್ಲದಿದ್ದರೆ ಮುಂದೆ ಓದುವ ಅಗತ್ಯವಿಲ್ಲ.

ಉಪಯುಕ್ತವೆನಿಸಿದ ಅಧ್ಯಯನವನ್ನು ವೈದ್ಯರ ಬಳಿಗೆ ಒಯ್ಯುವಾಗ ಮೊದಲು ಮಾಡಿಕೊಂಡ ಹೋಲಿಕೆಯ ಕಾಗದವನ್ನೂ ಒಯ್ಯಿರಿ. ‘ಇದು ನಮಗೆ ಆಗುತ್ತದೆಯೇ’ ಎಂಬ ಪ್ರಶ್ನೆಗಿಂತ ‘ಇವರ ಗಾಯ ಸಿ ದರ್ಜೆಯದು, ನಮ್ಮವರದ್ದು ಬಿ, ಈ ತರಬೇತಿಯ ಯಾವ ಭಾಗವನ್ನು ನಾವು ಪ್ರಯತ್ನಿಸಬಹುದು’ ಎಂಬ ಪ್ರಶ್ನೆಗೆ ಹೆಚ್ಚು ಸ್ಪಷ್ಟವಾದ ಉತ್ತರ ಸಿಗುತ್ತದೆ. ಸಂಶೋಧಕರಿಗೆ ನೇರವಾಗಿ ಬರೆಯಲೂ ಹಿಂಜರಿಯಬೇಡಿ. ಸಂಪರ್ಕದ ವಿಳಾಸ ಸಾಮಾನ್ಯವಾಗಿ ಮೊದಲ ಪುಟದಲ್ಲೇ ಇರುತ್ತದೆ. ತರಬೇತಿಯ ಲಿಖಿತ ಕ್ರಮವಿದ್ದರೆ ಕಳಿಸಿಕೊಡಲು ಕೇಳಿ, ಮತ್ತು ಮರುಪರೀಕ್ಷೆಗೆ ಬಾರದೆ ಉಳಿದವರ ಬಗ್ಗೆ ಅವರಿಗೆ ಏನಾದರೂ ತಿಳಿದುಬಂತೇ ಎಂದೂ ಕೇಳಿ.