ಟೇಬಲ್ ಬಾಗಿಸಿದ ಮೇಲೆ ಇನ್ನೊಮ್ಮೆ ಕೈ ಹಾಕಿ ನೋಡುತ್ತೇನೆ

ಉಡುಪಿಯ ಒಂದು ಆಸ್ಪತ್ರೆಯ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ನಾನು ನರ್ಸ್. ಕೆಲವು ವರ್ಷದ ಹಿಂದೆ ಶಂಕರಪುರ ಕಡೆಯ ಒಬ್ಬರು ಅಮ್ಮನಿಗೆ ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ, ಗರ್ಭಕೋಶ ತೆಗೆದರು. ಮೂರೂವರೆ ಗಂಟೆ ಹಿಡಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ವಾರ್ಡಿಗೆ ಹೋದರೆ ಅವರು ಬಲಗೈ ಉಜ್ಜಿಕೊಳ್ಳುತ್ತಾ ಕೂತಿದ್ದರು.

"ಸಿಸ್ಟರ್, ಹೊಟ್ಟೆನೋವು ಅಷ್ಟೇನಿಲ್ಲ. ಕಿರುಬೆರಳು, ಅದರ ಪಕ್ಕದ್ದು ಜೋಮು ಹಿಡಿದ ಹಾಗೇ ಉಂಟು. ನಾನು ಮಲ್ಲಿಗೆ ಕಟ್ಟುವವಳು, ಇನ್ನು ಹೇಗೆ?"

ಆಪರೇಷನ್‌ಗೆ ಮೊದಲು ಆ ಕೈಯನ್ನು ಮೈಗೆ ಸೇರಿಸಿ ಬಟ್ಟೆ ಸುತ್ತಿದ್ದು ನಾನೇ.

ಮೊಣಕೈ ಬಾಗಿಲಿಗೆ ತಾಗಿದರೆ ಕರೆಂಟು ಹೊಡೆದ ಹಾಗಾಗುತ್ತದಲ್ವಾ, ಅದೇ ಅಲ್ನಾರ್ ನರ. ಚರ್ಮದ ಕೆಳಗೇ, ಮೂಳೆಗೆ ತಾಗಿಕೊಂಡು ಹೋಗುತ್ತದೆ. ಎಚ್ಚರ ಇರುವಾಗ ಜೋಮು ಬಂದರೆ ನಾವೇ ಕೈ ಎಳೆದುಕೊಳ್ಳುತ್ತೇವೆ. ಅನಸ್ತೇಶಿಯಾ ಕೊಟ್ಟವರಿಗೆ ಅದು ಆಗುವುದಿಲ್ಲ.

ಮೊಣಕೈಗೆ ಪ್ಯಾಡ್ ಇಟ್ಟಿದ್ದೆ. ಆದರೆ ಈ ಆಪರೇಷನ್‌ನಲ್ಲಿ ಕರುಳು ಅಡ್ಡ ಬಾರದಿರಲಿ ಅಂತ ತಲೆ ಕೆಳಗಾಗುವಂತೆ ಟೇಬಲ್ ಬಾಗಿಸುತ್ತಾರೆ, ಕೆಲವೊಮ್ಮೆ 25-30 ಡಿಗ್ರಿ. ಮೈ ತಲೆಯ ಕಡೆ ಜಾರುತ್ತದೆ, ಪ್ಯಾಡ್ ಇದ್ದಲ್ಲೇ ಉಳಿಯುತ್ತದೆ. ಡ್ರೇಪ್ (ರೋಗಿಯ ಮೈ ಮುಚ್ಚುವ ಶುದ್ಧ ಬಟ್ಟೆ) ಹೊದಿಸಿದ ಮೇಲೆ ಯಾರಿಗೂ ಕಾಣುವುದಿಲ್ಲ, ಲೈಟ್ ಬೇರೆ ಆರಿಸಿರುತ್ತಾರೆ. ಅವತ್ತು ಹೀಗೇ ಆಗಿರಬೇಕು.

ಈಗ ಡ್ರೇಪ್ ಹೊದಿಸುವ ಮೊದಲೇ ಒಂದು ಸಲ ಟೇಬಲ್ ಬಾಗಿಸಿ ಅಂತ ಅನಸ್ತೇಶಿಯಾ ಡಾಕ್ಟರನ್ನು ಕೇಳುತ್ತೇನೆ. ಎರಡು ನಿಮಿಷದ ಕೆಲಸ. ಮೈ ಎಷ್ಟು ಜಾರಿತು ನೋಡಿ, ಮೊಣಕೈ ಕೆಳಗೆ ಕೈ ಹಾಕುತ್ತೇನೆ. ಕೈ ಮೈಗೆ ಸೇರಿಸಿದ್ದರೆ ಹೆಬ್ಬೆರಳು ಮೇಲಿರಬೇಕು, ಅಂಗೈ ತೊಡೆಯ ಕಡೆ. ಕೈಯನ್ನು ಆರ್ಮ್ ಬೋರ್ಡ್ ಮೇಲೆ ಚಾಚಿದ್ದರೆ ಅಂಗೈ ಮೇಲ್ಮುಖ, ಮೈಯಿಂದ 90 ಡಿಗ್ರಿಯ ಒಳಗೆ. ಬೆನ್ನಿನ ಕೆಳಗೆ ಜಾರದ ಫೋಮ್, ನೇರ ಚರ್ಮಕ್ಕೆ ತಾಗುವಂತೆ. ಭುಜಕ್ಕೆ ಆನಿಸಿ ಇಡುವ ಬ್ರೇಸ್ ಬೇಡ ಅಂತಲೇ ಹೇಳುತ್ತೇನೆ. ಅದು ಜಾರದಂತೆ ಹಿಡಿಯುತ್ತದೆ ನಿಜ, ಆದರೆ ಮೈಭಾರವೆಲ್ಲ ಅಲ್ಲೇ ಬಿದ್ದು, ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳು ಒತ್ತಿಹೋಗಬಹುದು, ಎಳೆದುಹೋಗಬಹುದು.

ಕಾಲಿನಲ್ಲಿ ನಾನು ಮೊದಲು ಮುಟ್ಟುವುದು ಮೊಣಕಾಲಿನ ಹೊರಬದಿ, ಸ್ವಲ್ಪ ಕೆಳಗೆ ಸಿಗುವ ಮೂಳೆಯ ಗಂಟು. ಕಾಲು ಎತ್ತಿಡುವ ಸ್ಟಿರಪ್ ಅಲ್ಲಿ ಹೋಗುವ ನರವನ್ನು ಒತ್ತಿದರೆ ಪಾದ ಎತ್ತಲಾಗದೆ ಹೋಗಬಹುದು.

ಸಹಾಯಕ್ಕೆ ನಿಂತ ಡಾಕ್ಟರ್ ಕೆಲವೊಮ್ಮೆ ಗೊತ್ತಿಲ್ಲದೆ ರೋಗಿಯ ಕೈ ಮೇಲೆ ಒರಗುತ್ತಾರೆ. ಹಿಂದೆ ಹೇಳಲು ಹೆದರಿ ಸುಮ್ನೆ ಇರುತ್ತಿದ್ದೆ. ಈಗ "ಮೇಡಂ, ಕೈ ಮೇಲೆ ಒರಗಿದ್ದೀರಿ" ಎನ್ನುತ್ತೇನೆ. ಯಾರೂ ಬೇಸರ ಮಾಡಿಕೊಂಡಿಲ್ಲ.

ಓಟಿಗೆ ಬಂದವರನ್ನೂ ಕೇಳುತ್ತೇನೆ: "ಕೈಯಲ್ಲಿ ಏನು ಕೆಲಸ ಮಾಡ್ತೀರಿ? ಮೊದಲೇ ಜೋಮು ಉಂಟಾ?" ಸಕ್ಕರೆ ಕಾಯಿಲೆಯವರಲ್ಲಿ ಹಲವರಿಗೆ ಇರುತ್ತದೆ. ಅಂಥ ನರ ಬೇಗ ಸೋಲುತ್ತದೆ, ಅವರಿಗೆ ಪ್ಯಾಡ್ ಜಾಸ್ತಿ ಹಾಕುತ್ತೇನೆ.

ಆ ಅಮ್ಮನಿಗೆ ಆದದ್ದನ್ನು ಡಾಕ್ಟರು ಮುಚ್ಚಿಡದೆ ಹೇಳಿದರು. ಫಿಸಿಯೋಥೆರಪಿ ಮಾಡಿಸಿದೆವು. ಆರು ವಾರಕ್ಕೆ ಜೋಮು ಇಳಿಯತೊಡಗಿತು. ನಾಲ್ಕನೇ ತಿಂಗಳು ಚೆಕಪ್ಪಿಗೆ ಬಂದಾಗ ತಾವೇ ಕಟ್ಟಿದ ಮಲ್ಲಿಗೆ ತಂದಿದ್ದರು. ಒಂದು ಚೆಂಡು ಹೂ ಕಟ್ಟಲು ಆಗಲೂ ಮೊದಲಿಗಿಂತ ಜಾಸ್ತಿ ಹೊತ್ತು ಬೇಕಾಗುತ್ತಿತ್ತಂತೆ.